ಬಾಗಿಲ ಮುಂದೆ ಕಾರು, ಗಲ್ಲಾದ ಹಿಂದೆ ಮನೆ

ಟೆಕ್ಸಾಸ್‌ನ ಅಮರಿಲ್ಲೊ ಬಿಟ್ಟು ಐ-40 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು 180 ಕಿಲೋಮೀಟರ್ ಬಂದರೆ ನ್ಯೂ ಮೆಕ್ಸಿಕೊದ ಟುಕುಮ್‌ಕಾರಿ ಸಿಗುತ್ತದೆ. ನಡುವೆ ರಾಜ್ಯದ ಗಡಿ ದಾಟುವಾಗ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಐದಕ್ಕೆ ಮುಟ್ಟುತ್ತೇವೆ ಅಂದುಕೊಂಡವರು ನಾಲ್ಕಕ್ಕೇ ಊರೊಳಗೆ ಇರುತ್ತಾರೆ. ಆದದ್ದು ಒಳ್ಳೆಯದೇ ಆಯಿತು. ಕೋಣೆಯ ಬಾಗಿಲ ಮುಂದೆಯೇ ಕಾರು ನಿಲ್ಲಿಸಿ ತಂಗುವ ದಾರಿಬದಿಯ ವಸತಿಗೃಹವೇ ಮೋಟೆಲ್. ಹಳೇ ಮೋಟೆಲ್‌ಗೆ ಬೆಳಕಿದ್ದಾಗಲೇ ಹೋಗಬೇಕು. ಕತ್ತಲಾದ ಮೇಲೆ ನಿಯಾನ್ ದೀಪದಲ್ಲಿ ಎಲ್ಲ ಮೋಟೆಲ್‌ಗಳೂ ಮದುವೆ ಮನೆಯಂತೆ ಕಾಣುತ್ತವೆ.

ಊರ ನಡುವೆ ಹಾದುಹೋಗುವ ರಸ್ತೆ ಹಳೆಯ ರೂಟ್ 66. ಷಿಕಾಗೊದಿಂದ ಸಾಂತಾ ಮೋನಿಕಾವರೆಗಿನ ಈ ಹೆದ್ದಾರಿಗೆ 1926ರಲ್ಲಿ ನಂಬರು ಬಿತ್ತು, 1985ರಲ್ಲಿ ಆ ನಂಬರನ್ನು ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘ ಪಟ್ಟಿಯಿಂದ ತೆಗೆದುಹಾಕಿತು. 1956ರ ಕಾಯ್ದೆಯಿಂದ ಹುಟ್ಟಿದ ಇಂಟರ್‌ಸ್ಟೇಟ್ ಎಂಬ ಹೊಸ ಹೆದ್ದಾರಿಗಳು ಊರುಗಳ ಹೊರಗಿನಿಂದಲೇ ಸುತ್ತಿಕೊಂಡು ಹೋದವು. ಹೊಸ ಸರಪಳಿ ಹೋಟೆಲ್‌ಗಳು ಹೆದ್ದಾರಿಯಿಂದ ಇಳಿಯುವ ಎಕ್ಸಿಟ್‌ನ ಬಾಯಲ್ಲೇ ಎದ್ದವು, ಹಳೆಯ ಮೋಟೆಲ್‌ಗಳು ಊರೊಳಗೆ ಉಳಿದವು. ಆದ್ದರಿಂದ ಎಕ್ಸಿಟ್ ಇಳಿದ ತಕ್ಷಣ ಕಾಣುವ ಬೋರ್ಡಿಗೆ ಮರುಳಾಗದೆ ಇನ್ನೆರಡು ಮೈಲಿ ಒಳಗೆ ಹೋಗಬೇಕು.

ಒಳಗೆ ಹೋಗಿ ಕೇಳುವ ಮುನ್ನ ಕಾರಿನಲ್ಲೇ ಕೂತು ಒಂದು ಸುತ್ತು ನೋಡಿ. ಗೋಡೆಯ ಬಣ್ಣ ಮಾಸಿದ್ದರೆ ಚಿಂತೆಯಿಲ್ಲ, ಬಿಸಿಲೂರಿನಲ್ಲಿ ಬಣ್ಣ ನಿಲ್ಲುವುದಿಲ್ಲ. ಕಿಟಕಿಯ ಕೆಳಗಿನ ಏಸಿಯಿಂದ ಗೋಡೆಗುಂಟ ತುಕ್ಕಿನ ಗೆರೆ ಇಳಿದಿದೆಯೇ, ಬಾಗಿಲ ಚೌಕಟ್ಟಿನಲ್ಲಿ ಒದ್ದು ಮುರಿದು ತೇಪೆ ಹಾಕಿದ ಗುರುತಿದೆಯೇ, ಕಸದ ತೊಟ್ಟಿ ತುಂಬಿ ಹೊರಗೆ ಹರಡಿದೆಯೇ ಎನ್ನುವುದು ಮುಖ್ಯ. ಪ್ರತಿ ಬಾಗಿಲ ಮುಂದೆ ಎರಡು ಕಬ್ಬಿಣದ ಕುರ್ಚಿ, ಒಂದು ಹೂಕುಂಡ ಇಟ್ಟಿದ್ದರೆ ಆ ಮಾಲೀಕರು ದಿನಕ್ಕೊಮ್ಮೆಯಾದರೂ ಎಲ್ಲ ಬಾಗಿಲುಗಳ ಮುಂದೆ ಓಡಾಡುತ್ತಾರೆ ಎಂದರ್ಥ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಶಿಫಾರಸು ಇಲ್ಲ. ನಿಂತಿರುವ ಕಾರುಗಳನ್ನೂ ನೋಡಿ. ಬೇರೆ ಬೇರೆ ರಾಜ್ಯದ ನಂಬರ್ ಪ್ಲೇಟ್ ಇದ್ದರೆ ಅದು ದಾರಿಹೋಕರ ಜಾಗ. ಎಲ್ಲವೂ ಅದೇ ರಾಜ್ಯದ್ದು, ಕಿಟಕಿಗಳಲ್ಲಿ ಅಡುಗೆ ಸಾಮಾನು ಕಾಣುತ್ತಿದೆ ಎಂದರೆ ಅಲ್ಲಿ ವಾರದ ಬಾಡಿಗೆಗೆ ಜನ ವಾಸವಿದ್ದಾರೆ. ಅದು ತಪ್ಪಲ್ಲ, ಆದರೆ ರಾತ್ರಿ ಬೇರೆ ಥರ ಇರುತ್ತದೆ.

ಆಫೀಸಿನ ಬಾಗಿಲು ತೆರೆದರೆ ಗಲ್ಲಾದಲ್ಲಿ ಯಾರೂ ಇರುವುದಿಲ್ಲ. ಗಂಟೆ ಒತ್ತಬೇಕು. ಹಿಂದಿನ ಪರದೆ ಸರಿಸಿಕೊಂಡು ಕೈ ಒರೆಸಿಕೊಳ್ಳುತ್ತಾ ಒಬ್ಬರು ಬರುತ್ತಾರೆ, ಜೊತೆಗೆ ಸಾಸಿವೆ ಒಗ್ಗರಣೆಯ ಘಮವೂ ಬಂದರೆ ಅಚ್ಚರಿ ಬೇಡ. ಅಮೆರಿಕದ ಮೋಟೆಲ್‌ಗಳಲ್ಲಿ ದೊಡ್ಡ ಪಾಲು ಗುಜರಾತ್ ಮೂಲದವರದ್ದು, ಅವರಲ್ಲಿ ಬಹಳಷ್ಟು ಮಂದಿ ಪಟೇಲರು. ಗಲ್ಲಾದ ಹಿಂದೆಯೇ ಮನೆ. ಮನೆಬಾಡಿಗೆ ಉಳಿಯುತ್ತದೆ, ಹಾಸಿಗೆ ಬದಲಿಸುವುದರಿಂದ ಲೆಕ್ಕ ಬರೆಯುವವರೆಗೆ ಕೆಲಸವೆಲ್ಲ ಮನೆಯವರದ್ದೇ ಆದ್ದರಿಂದ ಸಂಬಳದ ಖರ್ಚೂ ಉಳಿಯುತ್ತದೆ. ಈ ಲೆಕ್ಕಾಚಾರದ ಮೇಲೆಯೇ ಆ ಉದ್ಯಮ ನಿಂತಿದ್ದು. ಎದುರಿನ ಮೋಟೆಲ್‌ನವರು ‘ಅಮೆರಿಕನ್ ಮಾಲೀಕತ್ವ’ ಎಂದು ಬೋರ್ಡು ಹಾಕಿ ಗಿರಾಕಿ ಸೆಳೆಯುತ್ತಿದ್ದ ಕಾಲವೂ ಇತ್ತು. ಬ್ಯಾಂಕು, ವಿಮೆಯವರೂ ಸತಾಯಿಸುತ್ತಿದ್ದರು. 1989ರಲ್ಲಿ ಇವರು ತಮ್ಮದೇ ಸಂಘ ಕಟ್ಟಿಕೊಂಡದ್ದು ಅದಕ್ಕಾಗಿಯೇ.

ಒಂದು ಕಾರ್ಡು ಕೊಡುತ್ತಾರೆ: ಹೆಸರು, ವಿಳಾಸ, ಕಾರಿನ ಕಂಪನಿ, ನಂಬರ್. ಕಾರಿನ ನಂಬರ್ ನೆನಪಿಲ್ಲದೆ ಹೊರಗೆ ಓಡುವವರೇ ಹೆಚ್ಚು, ಮೊದಲೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಈ ಕಾರ್ಡಿನ ಕಟ್ಟು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಪೊಲೀಸರು ಕೇಳಿದ ಕೂಡಲೇ ಅತಿಥಿಗಳ ದಾಖಲೆ ತೋರಿಸಲೇಬೇಕು ಎಂಬ ಲಾಸ್ ಏಂಜಲಿಸ್ ನಗರದ ನಿಯಮವನ್ನು ಮೋಟೆಲ್ ಮಾಲೀಕರಾದ ಪಟೇಲ್ ಮತ್ತಿತರರು ಪ್ರಶ್ನಿಸಿದರು. 2015ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಕೋರ್ಟು ಆ ನಿಯಮವನ್ನು ಹೊಡೆದುಹಾಕಿತು.

ಬೋರ್ಡಿನಲ್ಲಿ 65 ಡಾಲರ್ ಎಂದಿದ್ದರೆ ಅಷ್ಟಕ್ಕೇ ಮುಗಿಯುವುದಿಲ್ಲ. ರಾಜ್ಯದ್ದು, ಊರಿನದ್ದು ಎಂದು ತೆರಿಗೆ ಸೇರಿ ಶೇಕಡಾ 10ರಿಂದ 15ರಷ್ಟು ಏರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಇನ್ನೊಂದು 50 ಡಾಲರ್ ತಡೆಹಿಡಿಯುವವರೂ ಇದ್ದಾರೆ. ಬುಕಿಂಗ್ ಆ್ಯಪ್‌ಗಳು ಮಾಲೀಕರಿಂದ ಶೇಕಡಾ 15ಕ್ಕೂ ಮಿಕ್ಕಿ ಕಮಿಷನ್ ಕೀಳುತ್ತವೆ, ಹಾಗಾಗಿ ನೇರ ಫೋನ್ ಮಾಡಿದವರಿಗೆ ಐದೋ ಹತ್ತೋ ಡಾಲರ್ ಬಿಡುವುದುಂಟು. ಬಿಡದಿದ್ದರೂ ಒಳ್ಳೆಯ ಕೋಣೆ ಸಿಗುತ್ತದೆ, ಅದೇ ದೊಡ್ಡ ಲಾಭ. ಆ್ಯಪ್‌ನಿಂದ ಬಂದವರಿಗೆ ಐಸ್ ಯಂತ್ರದ ಪಕ್ಕದ ಕೋಣೆ ಬಂದರೆ ಅದು ಪೂರ್ತಿ ಕಾಕತಾಳೀಯ ಎಂದು ನಾನು ನಂಬುವುದಿಲ್ಲ.

ಯಾವ ಕೋಣೆ ಕೇಳಬೇಕು? ರಸ್ತೆ ಕಡೆಯದು ಬೇಡ, ಎರಡು ಮಹಡಿ ಇದ್ದರೆ ಮೆಟ್ಟಿಲ ಬುಡದ್ದೂ ಬೇಡ. ನಡುವೆ ಬಾಗಿಲಿರುವ ಜೋಡಿ ಕೋಣೆ ಬೇಡವೇ ಬೇಡ, ಆ ತೆಳು ಬಾಗಿಲಿನಿಂದ ಪಕ್ಕದವರ ಗೊರಕೆಯೂ ಕೇಳುತ್ತದೆ. ನೀರು ಕಾಯಿಸುವ ಟ್ಯಾಂಕು ಸಾಮಾನ್ಯವಾಗಿ ಆಫೀಸಿನ ಕಡೆ ಇರುವುದರಿಂದ ಅದರ ಹತ್ತಿರದ ಕೋಣೆಗಳಿಗೆ ಬಿಸಿನೀರು ಬೇಗ ಬರುತ್ತದೆ, ಗದ್ದಲವೂ ಅಲ್ಲೇ ಹೆಚ್ಚು. ಸಾಲಿನ ಕೊನೆಯದು ಶಾಂತ, ಆದರೆ ಬೆಳಿಗ್ಗೆ ನಲ್ಲಿ ತಿರುಗಿಸಿ ಎರಡು ಮೂರು ನಿಮಿಷ ಕಾಯಬೇಕು. ನಾನು ಕೊನೆಯದನ್ನೇ ಆರಿಸುತ್ತೇನೆ. ಹಣ ಕೊಡುವ ಮುನ್ನ ಕೋಣೆ ನೋಡುತ್ತೇನೆ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ಮುಂದಿನ ಮೋಟೆಲ್ ನೋಡಿ.

ಬಾಗಿಲು ತೆರೆದ ಮೇಲೆ ಮೊದಲ ಕೆಲಸ, ಪೆಟ್ಟಿಗೆಯನ್ನು ಬಚ್ಚಲಿನ ತೊಟ್ಟಿಯೊಳಗೆ ಇಡುವುದು. ನಗಬೇಡಿ. ತಿಗಣೆ ನುಣುಪು ಪಿಂಗಾಣಿ ಹತ್ತಲಾರದು. ಆಮೇಲೆ ಫೋನಿನ ಟಾರ್ಚ್ ಹಾಕಿಕೊಂಡು ತಲೆದಿಂಬಿನ ಕಡೆಯ ಎರಡೂ ಮೂಲೆಗಳಲ್ಲಿ ಹೊದಿಕೆ ಎಳೆದು ಮ್ಯಾಟ್ರೆಸ್‌ನ ಹೊಲಿಗೆ ನೋಡಬೇಕು. ಇಂಕಿನ ಚುಕ್ಕಿಯಂಥ ಕಪ್ಪು ಕಲೆ, ಒಣಗಿದ ಸಿಪ್ಪೆ, ಸೇಬಿನ ಬೀಜದಷ್ಟು ದಪ್ಪದ ಕಂದು ಹುಳ, ಇವು ಗುರುತು. ತಲೆಹಲಗೆಯನ್ನು ಗೋಡೆಗೇ ಬಿಗಿದಿರುತ್ತಾರೆ, ಅದರ ಹಿಂದಿನ ಸಂದಿಗೂ ಬೆಳಕು ಬಿಡಿ. ಹಾಸಿಗೆ ಶುಭ್ರವಿದ್ದು ತಿಗಣೆ ಅಡಗಿರುವುದು ಅಲ್ಲೇ. ಕಂಡರೆ ಬೇರೆ ಕೋಣೆ ಕೇಳಿ, ಆದರೆ ಪಕ್ಕದ್ದು, ಅದೇ ಗೋಡೆ ಹಂಚಿಕೊಂಡ ಹಿಂದಿನದ್ದು ಬೇಡ. ಪ್ಲಗ್ಗಿನ ತೂತು, ಗೋಡೆಯ ಬಿರುಕುಗಳಿಂದ ಅವು ಆಚೆ ಹೋಗಿರುತ್ತವೆ. ಅನುಮಾನ ಉಳಿದರೆ ಊರಿಗೆ ಹೋದ ಮೇಲೆ ಬಟ್ಟೆಗಳನ್ನು ಡ್ರೈಯರ್‌ನ ಹೆಚ್ಚಿನ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿದರೆ ಹುಳವೂ ಮೊಟ್ಟೆಯೂ ಸಾಯುತ್ತವೆ, ಬರೀ ಒಗೆದರೆ ಸಾಲದು. ಇನ್ನು, ಮೇಲ್ಗಡೆಯ ಹೂವಿನ ಹೊದಿಕೆಯನ್ನು ಮಡಿಸಿ ಕುರ್ಚಿಯ ಮೇಲಿಟ್ಟುಬಿಡಿ. ಹಾಸು, ದಿಂಬಿನ ಚೀಲ ಪ್ರತಿ ಅತಿಥಿಗೂ ಬದಲಾಗುತ್ತವೆ. ಹೊದಿಕೆಗೆ ಆ ಭಾಗ್ಯ ಅಷ್ಟು ಬೇಗ ಬರುವುದಿಲ್ಲ.

ಕಿಟಕಿಯ ಕೆಳಗಿನ ಪೆಟ್ಟಿಗೆ ಏಸಿಗೆ ಸ್ವಲ್ಪ ಸಮಯ ಕೊಡಬೇಕು, ರಾತ್ರಿಯ ನಿದ್ದೆ ಅದರ ಕೈಯಲ್ಲಿದೆ. ಗೋಡೆಯಲ್ಲಿ 42 ಇಂಚು ಅಗಲ, 16 ಇಂಚು ಎತ್ತರದ ತಗಡಿನ ಗೂಡು, ಅದರೊಳಗೆ ಬಿಸಿ, ತಂಪು ಎರಡೂ ಕೊಡುವ ಒಂದೇ ಯಂತ್ರ. ಕೋಣೆ ತಂಪಾಗುವ ಮೊದಲೇ ಅದು ನಿಂತುಹೋಗುತ್ತಿದ್ದರೆ ಯಂತ್ರವನ್ನು ಬೈಯುವ ಮುಂಚೆ ಪರದೆ ನೋಡಿ. ಉಷ್ಣತೆ ಅಳೆಯುವ ಕಣ್ಣು ಯಂತ್ರದೊಳಗೇ ಇರುತ್ತದೆ. ಪರದೆ ಅದರ ಮೇಲೆ ಇಳಿಬಿದ್ದಿದ್ದರೆ ತಂಪುಗಾಳಿ ಪರದೆಯ ಹಿಂದೆಯೇ ಸುತ್ತಿ, ಕೋಣೆಯೆಲ್ಲ ತಂಪಾಯಿತೆಂದು ಯಂತ್ರ ಮೋಸಹೋಗುತ್ತದೆ. ಪರದೆಯನ್ನು ಯಂತ್ರದ ಹಿಂದಕ್ಕೆ ಸಿಕ್ಕಿಸಿದರೆ ಮುಗಿಯಿತು. ಸದ್ದು ಬರುತ್ತದೆ, ಗಾಳಿ ಬರುವುದಿಲ್ಲ ಎಂದರೆ ಜಾಲರಿ ಧೂಳಿನಿಂದ ಕಟ್ಟಿ ಒಳಗೆ ಮಂಜುಗಡ್ಡೆ ಹಿಡಿದಿದೆ. ಜಾಲರಿ ಎಳೆದು ತೊಳೆದು, ಒಂದು ಗಂಟೆ ಬರೀ ಫ್ಯಾನ್ ಓಡಿಸಿ. ಚಳಿಗಾಲದಲ್ಲಿ ಮೊದಲ ಸಲ ಬಿಸಿ ಹಾಕಿದಾಗ ಸುಟ್ಟ ವಾಸನೆ ಬರುವುದು ಸುರುಳಿಯ ಮೇಲಿನ ಧೂಳು ಉರಿದದ್ದಕ್ಕೆ, ಹತ್ತು ನಿಮಿಷದಲ್ಲಿ ಹೋಗುತ್ತದೆ. ಪ್ಲಾಸ್ಟಿಕ್ ಕರಗಿದ ವಾಸನೆಯಾದರೆ ಮಾತ್ರ ಆರಿಸಿ ಆಫೀಸಿಗೆ ಹೇಳಿ. ಗೂಡು ಹೊರಗಡೆಗೆ ತುಸು ಇಳಿಜಾರಾಗಿರಬೇಕು. ಕಟ್ಟಡ ಕುಸಿದು ಒಳಗಡೆಗೆ ವಾಲಿದ್ದರೆ ಏಸಿಯಿಂದ ತೊಟ್ಟಿಕ್ಕುವ ನೀರು ಕಾರ್ಪೆಟ್ಟಿಗೆ ಇಳಿಯುತ್ತದೆ. ಬರಿಗಾಲಿಗೆ ತೇವ ತಗುಲಿದರೆ ಕೋಣೆ ಬದಲಿಸುವುದೇ ಮೇಲು, ಅದು ಒಂದು ರಾತ್ರಿಯಲ್ಲಿ ರಿಪೇರಿಯಾಗುವುದಲ್ಲ.

ಈ ಒಣ ಸೀಮೆಯಲ್ಲಿ ಕೆಲವೆಡೆ ಇನ್ನೂ ನೀರಿನ ಕೂಲರ್ ಇದೆ. ಅದಕ್ಕೆ ಕಿಟಕಿಯನ್ನು ಎರಡು ಇಂಚು ತೆರೆದಿಡಬೇಕು, ಮುಚ್ಚಿದರೆ ಕೋಣೆ ಉಗಿಮನೆಯಾಗುತ್ತದೆ. ಇದೇ ಊರಿನ 1939ರ ಬ್ಲೂ ಸ್ವಾಲೋ ಮೋಟೆಲ್‌ನ ನಿಯಾನ್ ಬೋರ್ಡು ‘100% ರೆಫ್ರಿಜರೇಟೆಡ್ ಏರ್’ (ಪೂರ್ತಿ ಏಸಿ ಗಾಳಿ) ಎಂದು ಜಂಭದಿಂದ ಹೇಳುವುದು ಆ ಕೂಲರ್‌ಗಳ ಎದುರಿಗೇ. ಅಲ್ಲಿ ಕೋಣೆಗಳ ಮಗ್ಗುಲಲ್ಲೇ ಕಾರಿಗೂ ಗ್ಯಾರೇಜು ಕಟ್ಟಿದ್ದಾರೆ.

ಕರೆಂಟಿನದು ಸುಲಭ ಲೆಕ್ಕ. 120 ವೋಲ್ಟ್, 15 ಆಂಪಿಯರ್ ತಂತಿಯಲ್ಲಿ 1,800 ವಾಟ್‌ಗಿಂತ ಹೆಚ್ಚು ಹರಿಯುವಂತಿಲ್ಲ. ಮೈಕ್ರೋವೇವ್‌ನಲ್ಲಿ ಅನ್ನ ಬಿಸಿಗಿಟ್ಟು ಕೂದಲು ಒಣಗಿಸುವ ಯಂತ್ರ ಹಾಕಿದರೆ 3,000 ವಾಟ್ ಆಗುತ್ತದೆ, ಕತ್ತಲೆ ಕವಿಯುತ್ತದೆ. ಫ್ಯೂಸಿನ ಪೆಟ್ಟಿಗೆ ಆಫೀಸಿನ ಹಿಂದೆ ಎಲ್ಲೋ ಇರುತ್ತದೆ, ರಾತ್ರಿ ಹನ್ನೊಂದಕ್ಕೆ ಆ ಮನೆಯವರನ್ನು ಎಬ್ಬಿಸಬೇಕು. ಒಂದಾದ ಮೇಲೊಂದು ಬಳಸಿ. ಬಚ್ಚಲಿನ ಪ್ಲಗ್ಗು ಮಾತ್ರ ಸತ್ತಿದ್ದರೆ ಅದರ ಮೈಮೇಲಿನ ‘ರೀಸೆಟ್’ ಗುಂಡಿ ಒತ್ತಿದರೆ ಸಾಕು.

ಬಚ್ಚಲಲ್ಲಿ ಕಮೋಡಿನ ನೀರು ರಾತ್ರಿಯಿಡೀ ಹರಿಯುತ್ತಲೇ ಇದ್ದರೆ ಟ್ಯಾಂಕಿನ ಮುಚ್ಚಳ ಎತ್ತಿ. ನೂರಕ್ಕೆ ತೊಂಬತ್ತು ಸಲ ಸರಪಣಿ ರಬ್ಬರ್ ಮುಚ್ಚಳದ ಅಡಿ ಸಿಕ್ಕಿಕೊಂಡಿರುತ್ತದೆ, ಬಿಡಿಸಿದರೆ ನಿಲ್ಲುತ್ತದೆ. ಟ್ಯಾಂಕಿನ ನೀರು ಶುದ್ಧವೇ, ಅಂಜಬೇಡಿ. ಷವರ್‌ಗೆ ಗುಬುಟು ಎಳೆದ ಮೇಲೂ ಅರ್ಧ ನೀರು ಕೆಳಗಿನ ನಲ್ಲಿಯಲ್ಲೇ ಸುರಿದರೆ ಒಳಗಿನ ವಾಷರ್ ಸವೆದಿದೆ, ಅದಕ್ಕೆ ಅತಿಥಿಯ ಹತ್ತಿರ ಮದ್ದಿಲ್ಲ. ಸೋಪು ಎಷ್ಟು ತೊಳೆದರೂ ಜಾರುತ್ತಿದೆ ಅನ್ನಿಸಿದರೆ ಅದು ಗಡಸು ನೀರನ್ನು ಮೆದುವಾಗಿಸುವ ಯಂತ್ರದ ಗುಣ, ಮೈ ಶುಭ್ರವಾಗಿಯೇ ಇರುತ್ತದೆ.

ಸಂಜೆ ಏಳಕ್ಕೆ ಹೊರಗಿನ ಕುರ್ಚಿಯಲ್ಲಿ ಕೂತರೆ ನಿಯಾನ್ ಹತ್ತುವುದು ಕಾಣುತ್ತದೆ. ಕೆಂಪು ಬಣ್ಣ ಮಾತ್ರ ನಿಜವಾದ ನಿಯಾನ್ ಅನಿಲದ್ದು, ನೀಲಿಗೆ ಆರ್ಗಾನ್ ಜೊತೆ ಪಾದರಸ ಬೇಕು. ‘ವೇಕೆನ್ಸಿ’ ಯಾವಾಗಲೂ ಉರಿಯುತ್ತದೆ, ‘ನೋ’ ಅಕ್ಷರಕ್ಕೆ ಬೇರೆ ಸ್ವಿಚ್ಚು. ಕೊನೆಯ ಕೋಣೆ ಹೋದಾಗ ಗಲ್ಲಾದಿಂದಲೇ ಅದನ್ನು ಒತ್ತುತ್ತಾರೆ. ಕೋಣೆ ಇದೆ ಎಂಬ ಈ ಬೋರ್ಡು ಎಲ್ಲರಿಗೂ ಅನ್ವಯಿಸುತ್ತಿರಲಿಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. ಕಪ್ಪು ಜನರಿಗೆ ಎಲ್ಲಿ ಜಾಗ ಕೊಡುತ್ತಾರೆ ಎಂದು ತಿಳಿಸಲು ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆಯವರು 1936ರಿಂದ ಒಂದು ಕೈಪಿಡಿಯನ್ನೇ ಅಚ್ಚು ಹಾಕಿಸಬೇಕಾಗಿತ್ತು. ಬಣ್ಣ ನೋಡಿ ಕೋಣೆ ನಿರಾಕರಿಸಬಾರದೆಂದ 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ಅಟ್ಲಾಂಟಾದ ಒಂದು ಮೋಟೆಲ್ ಕೋರ್ಟಿನಲ್ಲಿ ಪ್ರಶ್ನಿಸಿ ಅದೇ ವರ್ಷ ಸೋತಿತು. ಮಾರ್ಟಿನ್ ಲೂಥರ್ ಕಿಂಗ್ 1968ರ ಏಪ್ರಿಲ್ 4ರಂದು ಗುಂಡೇಟಿಗೆ ಬಲಿಯಾದ ಮೆಂಫಿಸ್‌ನ ಲೊರೇನ್ ಮೋಟೆಲ್ ಕೂಡ ಗಂಡಹೆಂಡತಿ ನಡೆಸುತ್ತಿದ್ದ ಇಂಥದ್ದೇ ಒಂದು ಮೋಟೆಲ್.

ಮಲಗುವ ಮುಂಚೆ ಅಗಳಿಯ ಜೊತೆ ಮೇಲಿನ ಚಿಲಕವನ್ನೂ ಹಾಕಿ. ಹಿಂಬದಿಯ ಬಚ್ಚಲ ಕಿಟಕಿ ಭದ್ರವೇ ನೋಡಿ, ಎಲ್ಲರೂ ಮರೆಯುವುದು ಅದನ್ನೇ. ಪರದೆಯ ನಡುವಿನ ಸಂದಿಯಿಂದ ಬರುವ ಕಾರುಗಳ ದೀಪ ನೇರ ಕಣ್ಣಿಗೆ ಹೊಡೆಯುತ್ತದೆ. ಕ್ಲಿಪ್ ಇರುವ ಹ್ಯಾಂಗರ್‌ನಿಂದ ಸಂದಿ ಮುಚ್ಚಬಹುದು, ಆದರೆ ಇಲ್ಲಿನವು ಕದಿಯಲು ಬಾರದಂತೆ ಕೊಕ್ಕೆಯನ್ನೇ ಕಿತ್ತ ಹ್ಯಾಂಗರ್‌ಗಳು. ಎರಡು ಬಟ್ಟೆ ಕ್ಲಿಪ್ ಮನೆಯಿಂದಲೇ ತನ್ನಿ. ಹಳೆಯ ಹೆದ್ದಾರಿಗಳು ರೈಲುಹಳಿಯ ಮಗ್ಗುಲಲ್ಲೇ ಬೆಳೆದವು, ಹಾಗಾಗಿ ಕಿವಿಗೆ ಹತ್ತಿಯೂ ಬೇಕು. ರಸ್ತೆ ದಾಟುವ ಕಡೆ 15ರಿಂದ 20 ಸೆಕೆಂಡ್ ಮುಂಚೆ ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಸೀಟಿ ಹಾಕಬೇಕೆಂಬುದು ರೈಲಿನವರ ನಿಯಮ. ಮಧ್ಯರಾತ್ರಿ ಎರಡಕ್ಕೂ ಅವರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ.

ಬೆಳಿಗ್ಗೆ ಏಳರಿಂದ ಎಂಟರ ನಡುವೆ ಎಲ್ಲ ಕೋಣೆಗಳಲ್ಲೂ ಒಟ್ಟಿಗೆ ಸ್ನಾನ ಶುರುವಾಗುತ್ತದೆ. ಆರೂವರೆಗೆ ಎದ್ದವರೇ ಜಾಣರು. ಕೋಣೆಯ ಕಾಫಿ ಯಂತ್ರದಲ್ಲಿ ಬರುವುದು ಕಾಫಿ ಬಣ್ಣದ ಬಿಸಿನೀರು. ಪೊಟ್ಟಣ ಎರಡು ಹಾಕಿ, ನೀರು ಅರ್ಧ ಹಾಕಿದರೆ ಕುಡಿಯಬಹುದು. ಮೇಜಿನ ಮೇಲೆ ಎರಡು ಮೂರು ಡಾಲರ್ ಟಿಪ್ಸ್ ಇಡುವ ವಾಡಿಕೆ ದೊಡ್ಡ ಹೋಟೆಲ್‌ಗಳದ್ದು. ಇಲ್ಲಿ ಹಾಸಿಗೆ ಬದಲಿಸುವವರು ನಿನ್ನೆ ಕಾರ್ಡು ಬರೆಸಿಕೊಂಡ ಅಮ್ಮನೇ ಆಗಿದ್ದರೆ ದುಡ್ಡು ಇಡುವುದು ಮುಜುಗರದ ಸಂಗತಿ. ಅದರ ಬದಲು ಟವೆಲ್‌ಗಳನ್ನೆಲ್ಲ ಬಚ್ಚಲಲ್ಲಿ ಒಂದೇ ಕಡೆ ಗುಡ್ಡೆ ಹಾಕಿ, ಕಸ ಕಟ್ಟಿಟ್ಟು, ಏಸಿ ಆರಿಸಿ ಹೊರಡಿ. ಅವರಿಗೆ ಕೋಣೆಗೆ ಹತ್ತು ನಿಮಿಷ ಉಳಿಯುತ್ತದೆ. ಕೆಟ್ಟದ್ದೇನಿತ್ತು ಎಂದು ಮುಖದ ಮುಂದೆಯೇ ಹೇಳಿ, ಸವೆದ ವಾಷರ್ ಬಗ್ಗೆ ಅವರಿಗೆ ಗೊತ್ತಾಗುವುದು ಹಾಗೆಯೇ. ಪೂರ್ವಕ್ಕೆ ಹೊರಟಿದ್ದರೆ ಗಡಿಯಲ್ಲಿ ಆ ಒಂದು ಗಂಟೆಯನ್ನು ತಿರುಗಿ ಕಳೆದುಕೊಳ್ಳುತ್ತೀರಿ, ನೆನಪಿರಲಿ.

ಆಫೀಸು ಮುಚ್ಚಿದ್ದರೆ ಬಾಗಿಲ ಪಕ್ಕದ ಸೀಳಿನಲ್ಲಿ ಕೀ ಹಾಕಿ ಹೊರಡಬಹುದು. ಮರೆತು ಜೇಬಿನಲ್ಲೇ ಒಯ್ದರೂ ತಿರುಗಿ ಬರಬೇಕಿಲ್ಲ. ಕೀಗೆ ಹಳೆಯ ಪ್ಲಾಸ್ಟಿಕ್ ಬಿಲ್ಲೆಯಿದ್ದರೆ ಅದರ ಹಿಂಬದಿ ಓದಿ: ಯಾವುದೇ ಅಂಚೆ ಡಬ್ಬಿಗೆ ಹಾಕಿ, ಅಂಚೆ ಖರ್ಚು ನಮ್ಮದು ಎಂದು ಅಚ್ಚಾಗಿರುತ್ತದೆ.