ಪೋಷಕರಿಗೆ ಒಂದು ನಿಮಿಷದ ಧ್ವನಿ ಸಂದೇಶ

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳ ಹೊಣೆ ಕೋವಿಡ್ ಕಾಲದಿಂದಲೂ ನನ್ನದೇ. 2020ರಲ್ಲಿ, ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆ ಶುರುವಾದಾಗ, ಮೊಬೈಲ್ ಇಲ್ಲದ ಮನೆ, ಸಾದಾ ಮೊಬೈಲ್ ಇರುವ ಮನೆ, ಇಂಟರ್ನೆಟ್ ಇರುವ ಮನೆ ಎಂದು ಪಟ್ಟಿ ಮಾಡಿದ್ದೆವು. ಆ ಪಟ್ಟಿಯನ್ನು ಈಗಲೂ ಪ್ರತಿ ಜೂನ್‌ನಲ್ಲಿ ತಿದ್ದುತ್ತೇವೆ. ಜೊತೆಗೆ ಇನ್ನೊಂದು ಕಾಲಂ ಸೇರಿಸಿದ್ದೇವೆ: ಮೊಬೈಲ್ ಯಾರ ಕೈಯಲ್ಲಿರುತ್ತದೆ, ಅದು ಎಷ್ಟು ಹೊತ್ತಿಗೆ ಮನೆ ಸೇರುತ್ತದೆ?

ನಮ್ಮೂರಲ್ಲಿ ಆ ಕಾಲಂಗೆ ತುಂಬಾ ಬೆಲೆಯಿದೆ. ಮನೆಗೊಂದೇ ಸ್ಮಾರ್ಟ್‌ಫೋನ್, ಅದೂ ಬೆಳಿಗ್ಗೆ ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೊರಟುಬಿಡುತ್ತದೆ. ಹಾಗಾಗಿ ತುರ್ತಿಲ್ಲದ ಯಾವ ಸಂದೇಶವನ್ನೂ ಸಂಜೆ ಏಳಕ್ಕೆ ಮೊದಲು ಕಳುಹಿಸುವುದಿಲ್ಲ.

ವಿದ್ಯಾರ್ಥಿವೇತನದ ಸುತ್ತೋಲೆಯನ್ನೇ ನೋಡಿ. ಸ್ಕ್ಯಾನ್ ಮಾಡಿದ ಪುಟಗಳ ಪಿಡಿಎಫ್. ಅಕ್ಷರ ಎಷ್ಟು ಹಿಗ್ಗಿಸಿದರೂ ಸಾಲು ಪರದೆಯಾಚೆ ಸರಿಯುತ್ತದೆ. ಪೋಷಕರಿಗೆ ಅದರಲ್ಲಿ ಬೇಕಾದದ್ದು ಮೂರೇ ವಿಷಯ: ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಕೊನೆಯ ದಿನಾಂಕ. ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಸ್ಯಾಟ್ಸ್ ಸಂಖ್ಯೆ ನಮ್ಮ ಬಳಿಯೇ ಇರುತ್ತದೆ. ಇಷ್ಟನ್ನೇ ನಾನು ಧ್ವನಿ ಸಂದೇಶ ಮಾಡುತ್ತೇನೆ: "ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಈ ವಾರವೇ ನಾಡಕಚೇರಿಗೆ ಹೋಗಿ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ." ಒಂದು ನಿಮಿಷ ದಾಟಿಸುವುದಿಲ್ಲ. ಓದು ಬಾರದ ಅಜ್ಜಿಯೊಬ್ಬರು ಮೊಮ್ಮಗನಿಂದ ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿ, ಮರುದಿನ ಪಾಸ್‌ಬುಕ್ ಹಿಡಿದು ಶಾಲೆಗೇ ಬಂದರು. ಅಂದಿನಿಂದ ಧ್ವನಿ ಸಂದೇಶವಿಲ್ಲದೆ ಯಾವ ಸುತ್ತೋಲೆಯನ್ನೂ ಗುಂಪಿಗೆ ಹಾಕಬಾರದೆಂದು ಸಹೋದ್ಯೋಗಿಗಳನ್ನು ಒತ್ತಾಯಿಸುತ್ತಲೇ ಇದ್ದೇನೆ.

ಪ್ರಕಟಣೆಯ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಮಾಡಿದ್ದೇವೆ. ಶುಭೋದಯದ ಚಿತ್ರಗಳ ರಾಶಿಯಲ್ಲಿ ಪರೀಕ್ಷೆಯ ದಿನಾಂಕ ಕಳೆದುಹೋಗಬಾರದು. ಪೋಷಕರ ಮಾತಿಗೆ ತರಗತಿವಾರು ಬೇರೆ ಗುಂಪುಗಳಿವೆ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳುಹಿಸುವ ಬ್ರಾಡ್‌ಕಾಸ್ಟ್ ಬಳಸುವವರು ಒಂದು ವಿಷಯ ನೆನಪಿಡಬೇಕು: ನಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ಹೋಗುತ್ತದೆ. ಅದಕ್ಕೇ ವರ್ಷದ ಮೊದಲ ಪೋಷಕರ ಸಭೆಯಲ್ಲಿ ಪ್ರತಿಯೊಬ್ಬರ ಮೊಬೈಲ್‌ನಲ್ಲೂ ಶಾಲೆಯ ಸಂಖ್ಯೆ ಉಳಿಸಿಯೇ ಕಳುಹಿಸುತ್ತೇವೆ.

ಅಂಕಪಟ್ಟಿಯನ್ನು ಗುಂಪಿಗೆ ಹಾಕುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಹನ್ನೊಂದು ವರ್ಷದ ಹುಡುಗಿಯ ಗಣಿತದ ಅಂಕ ಇಡೀ ಊರಿಗೆ ಏಕೆ ತಿಳಿಯಬೇಕು? ಗೈರುಹಾಜರಾದ ಮಕ್ಕಳ ಹೆಸರು ಹಾಕುವುದೂ ಅಷ್ಟೇ ತಪ್ಪು. ಅಂಥ ಮಾತನ್ನು ಆ ಮನೆಯವರಿಗೆ ಮಾತ್ರ ಕರೆ ಮಾಡಿ ಹೇಳುತ್ತೇವೆ.

ಮೊಬೈಲ್ ಇಲ್ಲದ ಮನೆಗಳಿಗೆ ಈಗಲೂ ಚೀಟಿಯೇ ಹೋಗುತ್ತದೆ, ಪಕ್ಕದ ಮನೆಯ ಮಗುವಿಗೆ ಅದರ ಜವಾಬ್ದಾರಿ. ಮೇಲಿನ ಕಚೇರಿಗಳಲ್ಲಿರುವವರಿಗೆ ನನ್ನದೊಂದೇ ಕೋರಿಕೆ: ಸುತ್ತೋಲೆಯನ್ನು ಸ್ಕ್ಯಾನ್ ಮಾಡುವ ಬದಲು ಯಾವ ಮೊಬೈಲ್‌ನಲ್ಲೂ ಓದಲು ಬರುವ ಯೂನಿಕೋಡ್ ಕನ್ನಡದ ಪಠ್ಯವಾಗಿಯೇ ಕಳುಹಿಸಿ, ಕೊನೆಯ ದಿನಾಂಕವನ್ನು ಮೊದಲ ಸಾಲಿನಲ್ಲೇ ಬರೆಯಿರಿ.