ಮುಗಿಯದ ವಿಚಾರಣೆ: ಬ್ರಿಟನ್ನಿನ ಕಾಂಟ್ರಾಕ್ಟರ್‌ಗಳೂ ಸಾಲವೆಂದು ಬಂದ ಸಂಬಳವೂ

ಬ್ರಿಟನ್ನಿನಲ್ಲಿ ಕಾಂಟ್ರಾಕ್ಟ್ ಮೇಲೆ ದುಡಿಯುವ ಐಟಿ ಉದ್ಯೋಗಿಗಳು, ನರ್ಸ್‌ಗಳು, ಸಮಾಜ ಕಾರ್ಯಕರ್ತರು ಮುಂತಾದ ಸಾವಿರಾರು ಮಂದಿಗೆ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ ಕಳಿಸಿದ ವಿಚಾರಣೆಯ ಪತ್ರಗಳು ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿದಿವೆ. ಅಂಥ ಪತ್ರಗಳನ್ನು ಸ್ನೇಹಿತರೊಂದಿಗೆ ಕುಳಿತು ಓದಿ, ಉತ್ತರ ಬರೆಯಲು ನೆರವಾದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ದುಡಿದ ಹಣಕ್ಕೆ ತೆರಿಗೆ ಕೊಡಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೇಳಬೇಕಾದ ಕಾಲದಲ್ಲಿ ಕೇಳದೆ, ಎಷ್ಟೋ ವರ್ಷಗಳ ಬಾಕಿಯನ್ನು ಒಂದೇ ಬಾರಿಗೆ, ಅದೂ ಸಂಬಳವನ್ನು ‘ಸಾಲ’ವೆಂದು ಕೊಡುತ್ತಿದ್ದ ಈ ವ್ಯವಹಾರದಲ್ಲಿ ಎಲ್ಲರಿಗಿಂತ ಕಡಿಮೆ ತಿಳಿವಳಿಕೆಯಿದ್ದ ಕೆಲಸಗಾರನಿಂದ ಕೇಳಿದ್ದು ಅನ್ಯಾಯವೆಂದೇ ನನ್ನ ಖಚಿತ ಅಭಿಪ್ರಾಯ.

2000ರಲ್ಲಿ ಜಾರಿಗೆ ಬಂದ ಐಆರ್35 ನಿಯಮದ ಪ್ರಕಾರ, ಸ್ವಂತ ಕಂಪನಿಯ ಹೆಸರಿನಲ್ಲಿ ದುಡಿದರೂ ವಾಸ್ತವದಲ್ಲಿ ನೌಕರನಂತೆಯೇ ಇರುವವನು ನೌಕರನಂತೆಯೇ ತೆರಿಗೆ ಕಟ್ಟಬೇಕು. ಯಾರು ಈ ನಿಯಮದೊಳಗೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ಸ್ಪಷ್ಟವಿರಲಿಲ್ಲ. ಆ ಗೊಂದಲವನ್ನೇ ಬಂಡವಾಳ ಮಾಡಿಕೊಂಡು ಹುಟ್ಟಿದವು ಸಾಲದ ಯೋಜನೆಗಳು. ಏಜೆನ್ಸಿಗೂ ಕೆಲಸಗಾರನಿಗೂ ನಡುವೆ ನಿಂತು ಸಂಬಳ ಕೊಡುವ ‘ಅಂಬ್ರೆಲಾ’ ಕಂಪನಿಯೊಂದು ಅವನಿಗೆ ಚಿಕ್ಕದೊಂದು ಸಂಬಳ ಕೊಟ್ಟು, ಉಳಿದ ಗಳಿಕೆಯನ್ನು ಕಡಿಮೆ ತೆರಿಗೆಯ ಐಲ್ ಆಫ್ ಮ್ಯಾನ್ ದ್ವೀಪದಂಥ ಕಡೆಯ ಟ್ರಸ್ಟ್ ಮೂಲಕ ‘ಸಾಲ’ ಎಂದು ಕೊಡುತ್ತಿತ್ತು. ಸಾಲ ಆದಾಯವಲ್ಲವಾದ್ದರಿಂದ ತೆರಿಗೆಯಿಲ್ಲ, ಅದನ್ನು ಯಾರೂ ಮರಳಿ ಕೇಳುವುದೂ ಇಲ್ಲ ಎಂಬ ಭರವಸೆಯಿತ್ತು. ಹಿರಿಯ ವಕೀಲರ ಅಭಿಪ್ರಾಯ ಪತ್ರವನ್ನೂ ತೋರಿಸುತ್ತಿದ್ದರು. ಎಷ್ಟೋ ಸಲ ಶಿಫಾರಸು ಬರುತ್ತಿದ್ದದ್ದು ಕೆಲಸ ಕೊಡಿಸುವ ಏಜೆನ್ಸಿಯಿಂದ ಅಥವಾ ಅಕೌಂಟೆಂಟ್‌ನಿಂದಲೇ.

ತೆರಿಗೆ ತಪ್ಪಿಸುವ ಯೋಜನೆಗಳನ್ನು ಇಲಾಖೆಗೆ ಮೊದಲೇ ತಿಳಿಸಬೇಕೆಂಬ ಕಾನೂನು 2004ರಲ್ಲಿ ಬಂತು. ಹಾಗೆ ತಿಳಿಸಿದ ಯೋಜನೆಗೆ ಇಲಾಖೆ ಒಂದು ಸಂಖ್ಯೆ ಕೊಡುತ್ತದೆ ಮತ್ತು ಯೋಜನೆಯಲ್ಲಿದ್ದವರು ಅದನ್ನು ತಮ್ಮ ರಿಟರ್ನ್‌ನಲ್ಲಿ ನಮೂದಿಸಬೇಕು. ಆ ಸಂಖ್ಯೆ ಒಪ್ಪಿಗೆಯ ಮುದ್ರೆಯಲ್ಲ, ಆದರೆ ಮಾರುವವರು ಅದನ್ನು ಹಾಗೆಯೇ ಬಿಂಬಿಸಿದರು. ಇನ್ನೊಂದು ಕಡೆಯಿಂದ ನೋಡಿದರೆ, ಸಂಖ್ಯೆ ನಮೂದಿಸಿದ ಪ್ರತಿಯೊಬ್ಬರ ವಿಷಯವೂ ಇಲಾಖೆಗೆ ಆಗಲೇ ಗೊತ್ತಿತ್ತು. ರಿಟರ್ನ್ ಸಲ್ಲಿಸಿದ 12 ತಿಂಗಳೊಳಗೆ ಇಲಾಖೆ ವಿಚಾರಣೆ ತೆರೆಯಬಹುದು. ಅನೇಕರ ಮೇಲೆ ತೆರೆಯಿತು ಕೂಡ. ಆಮೇಲೆ ಮೌನ. ತೆರೆದ ವಿಚಾರಣೆಯನ್ನು ಇಂಥ ದಿನದೊಳಗೆ ಮುಗಿಸಬೇಕೆಂಬ ಗಡುವು ಕಾನೂನಿನಲ್ಲಿಲ್ಲ. ಮುಗಿಸುವಂತೆ ಆದೇಶಿಸಲು ನ್ಯಾಯಮಂಡಳಿಯನ್ನು ಕೇಳುವ ಹಕ್ಕು ತೆರಿಗೆದಾರನಿಗಿದೆ, ಆದರೆ ನಾನು ಕಂಡವರಲ್ಲಿ ಹೆಚ್ಚಿನವರಿಗೆ ಅದು ತಿಳಿದೇ ಇರಲಿಲ್ಲ. ಹಣ ಮನೆ ಕಂತಿಗೆ, ಮಕ್ಕಳ ಖರ್ಚಿಗೆ ಹೋಯಿತು. ಬಡ್ಡಿ ಮಾತ್ರ ಸದ್ದಿಲ್ಲದೆ ಬೆಳೆಯಿತು.

2016ರ ಮಾರ್ಚ್ ಬಜೆಟ್‌ನಲ್ಲಿ ಇಂಥ ಸಾಲಗಳ ಮೇಲಿನ ತೆರಿಗೆಯಾದ ‘ಲೋನ್ ಚಾರ್ಜ್’ ಘೋಷಣೆಯಾಗಿ, ಮರುವರ್ಷ ಕಾನೂನಾಯಿತು. 1999ರ ಏಪ್ರಿಲ್ 6ರಿಂದ ಪಡೆದ ಸಾಲಗಳಲ್ಲಿ 2019ರ ಏಪ್ರಿಲ್ 5ರಂದು ಬಾಕಿ ಇದ್ದುದೆಲ್ಲವೂ ಆ ಒಂದೇ ವರ್ಷದ ಆದಾಯವೆಂದು ಎಣಿಸಲಾಗುವುದೆಂದು ಅದು ಹೇಳಿತು. ವರ್ಷಕ್ಕೆ 50,000 ಪೌಂಡ್ ಆದಾಯವಿದ್ದು, ಐದು ವರ್ಷ 30,000ದಂತೆ ಸಾಲ ಪಡೆದವರನ್ನು ಊಹಿಸಿಕೊಳ್ಳಿ. ಆಯಾ ವರ್ಷವೇ ಕೇಳಿದ್ದರೆ ಆ ಹಣಕ್ಕೆ ಬಹುಪಾಲು ಶೇ 40ರ ದರದಲ್ಲಿ ತೆರಿಗೆ ಬೀಳುತ್ತಿತ್ತು. ಒಟ್ಟುಗೂಡಿಸಿದಾಗ ಆದಾಯ 2,00,000 ಪೌಂಡ್ ಆಗುತ್ತದೆ, ತೆರಿಗೆ ವಿನಾಯಿತಿಯ ಮೊತ್ತ ಪೂರ್ತಿ ಕೈತಪ್ಪುತ್ತದೆ, ಆ ವರ್ಷದ ನಿಯಮದಂತೆ 1,50,000 ಮೀರಿದ್ದಕ್ಕೆ ಶೇ 45ರ ದರ ತಗಲುತ್ತದೆ. ಕೂಡಿಟ್ಟದ್ದೇನೂ ಇಲ್ಲದ ಮನೆಗೆ ಅಷ್ಟು ದೊಡ್ಡ ಮೊತ್ತದ ಬೇಡಿಕೆ ಬರುತ್ತದೆ.

2017ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ರೇಂಜರ್ಸ್ ಫುಟ್‌ಬಾಲ್ ಕ್ಲಬ್ ಪ್ರಕರಣದಲ್ಲಿ, ದುಡಿಮೆಯ ಫಲವಾದ ಹಣ ಟ್ರಸ್ಟಿಗೆ ಹೋದರೂ ಅದು ಸಂಬಳವೇ ಎಂದು ತೀರ್ಪಿತ್ತಿತು. ಇಲಾಖೆ ಈ ತೀರ್ಪನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತದೆ. ಆ ಪ್ರಕರಣದಲ್ಲಿ ತೆರಿಗೆಯ ಹೊಣೆ ಬಿದ್ದದ್ದು ಉದ್ಯೋಗದಾತನ ಮೇಲೆ ಎಂಬುದನ್ನು ಮಾತ್ರ ಅಷ್ಟೇ ಗಟ್ಟಿಯಾಗಿ ಹೇಳುವುದಿಲ್ಲ.

ಸರ್ಕಾರಕ್ಕಾಗಿ ಲೋನ್ ಚಾರ್ಜ್ ಅನ್ನು ಪರಿಶೀಲಿಸಿದ ಸರ್ ಏಮಿಯಸ್ ಮೋರ್ಸ್ ಅವರ 2019ರ ಡಿಸೆಂಬರ್‌ನ ವರದಿ ಒಂದಿಷ್ಟು ತಿದ್ದಿತು. 2010ರ ಡಿಸೆಂಬರ್ 9ಕ್ಕಿಂತ ಹಿಂದಿನ ಸಾಲಗಳನ್ನು ಲೋನ್ ಚಾರ್ಜ್‌ನಿಂದ ಹೊರಗಿಟ್ಟರು; ಬಾಕಿಯನ್ನು ಮೂರು ವರ್ಷಗಳಿಗೆ ಹಂಚಿಕೊಳ್ಳಲು ಅವಕಾಶ ಕೊಟ್ಟರು. ಆದರೆ ಹೊರಗಿಟ್ಟ ವರ್ಷಗಳ ಮೇಲೆ ಮೊದಲೇ ತೆರೆದಿದ್ದ ವಿಚಾರಣೆಗಳು ಹಾಗೆಯೇ ಉಳಿದವು. ಚಾರ್ಜ್ ಕಟ್ಟಿದರೂ ಕಾಗದದ ಮೇಲಿನ ಸಾಲ ತೀರುವುದಿಲ್ಲ. ಟ್ರಸ್ಟ್‌ಗಳ ಸಾಲವನ್ನು ಕೊಂಡ ಕಂಪನಿಗಳು ಅಸಲನ್ನೇ ಮರಳಿಸುವಂತೆ ನೋಟಿಸ್ ಕಳಿಸಿದ್ದೂ ಉಂಟು. ಒಂದೇ ಹಣವನ್ನು ಸರ್ಕಾರ ಸಂಬಳ ಎನ್ನುತ್ತದೆ, ಆ ಕಂಪನಿ ಸಾಲ ಎನ್ನುತ್ತದೆ, ಇಬ್ಬರೂ ಕೈಚಾಚುವುದು ಒಬ್ಬನ ಮುಂದೆಯೇ. ಲೋನ್ ಚಾರ್ಜ್ ಎದುರಿಸುತ್ತಿದ್ದವರ ಆತ್ಮಹತ್ಯೆಗಳ ಬಗ್ಗೆ ಸಂಸತ್ತಿನಲ್ಲಿ ಚರ್ಚೆಯಾಗಿದೆ. ಇನ್ನು ಯೋಜನೆ ಮಾರಿದವರ ವಿಷಯಕ್ಕೆ ಬಂದರೆ, ನಿಲ್ಲಿಸೆಂಬ ನೋಟಿಸ್ ಕೊಟ್ಟ ಮೇಲೂ ಮಾರುವುದು ಅಪರಾಧವಾದದ್ದು 2024ರಲ್ಲಷ್ಟೇ.

2025ರಲ್ಲಿ ತೆರಿಗೆ ತಜ್ಞ ರೇ ಮೆಕ್ಯಾನ್ ಅವರ ನೇತೃತ್ವದಲ್ಲಿ ಮತ್ತೊಂದು ಪರಿಶೀಲನೆ ನಡೆಯಿತು. ಅದರ ವ್ಯಾಪ್ತಿಯನ್ನು ಇನ್ನೂ ಇತ್ಯರ್ಥ ಮಾಡಿಕೊಳ್ಳದವರಿಗೆ ಸೀಮಿತಗೊಳಿಸಿದ್ದರಿಂದ, ಹೆದರಿ ಮನೆ ಮಾರಿಯೋ ಸಾಲ ಮಾಡಿಯೋ ಮೊದಲೇ ಹಣ ಕಟ್ಟಿದವರು ಹೊರಗುಳಿದರು. ಇಲಾಖೆಯ ಮಾತನ್ನು ನಂಬಿ ಮೊದಲು ಮುಂದೆ ಬಂದವರಿಗೇ ಪರಿಹಾರವಿಲ್ಲವೆಂದರೆ ಅದನ್ನು ಸರಿಯೆಂದು ಒಪ್ಪಲು ನನ್ನಿಂದಾಗದು.

ಪತ್ರ ಕೈಯಲ್ಲಿ ಹಿಡಿದಿರುವವರಿಗೆ ಹೇಳುವುದಿಷ್ಟು. ಅದನ್ನು ಡ್ರಾಯರ್‌ನಲ್ಲಿ ಮುಚ್ಚಿಡಬೇಡಿ. ಯಾವ ವರ್ಷದ್ದು, ಯಾವ ಸೆಕ್ಷನ್ ಅಡಿ ಬಂದದ್ದು ಎಂಬುದನ್ನು ಮೊದಲು ನೋಡಿ. ತೆರಿಗೆ ನಿರ್ಧರಣೆಯ ಆದೇಶವಾದರೆ ಮೇಲ್ಮನವಿಗೆ ಸಾಮಾನ್ಯವಾಗಿ 30 ದಿನ ಮಾತ್ರ ಇರುತ್ತದೆ. ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಒಪ್ಪಂದ, ಯೋಜನೆ ಮಾರಿದವರ ಇಮೇಲ್‌ಗಳು ಎಲ್ಲವನ್ನೂ ವರ್ಷವಾರು ಜೋಡಿಸಿಕೊಳ್ಳಿ. ಮೊತ್ತ ದೊಡ್ಡದಾದರೆ ಕಂತಿನಲ್ಲಿ ಕಟ್ಟುವ ವ್ಯವಸ್ಥೆ ಕೇಳಬಹುದು, ಆದಾಯ ಕಡಿಮೆಯಿರುವವರಿಗೆ ಟ್ಯಾಕ್ಸ್‌ಏಡ್ ಸಂಸ್ಥೆ ಉಚಿತವಾಗಿ ನೆರವಾಗುತ್ತದೆ. ‘ಈ ಸಾಲವನ್ನು ಮಾಯ ಮಾಡುತ್ತೇವೆ’ ಎಂದು ಶುಲ್ಕ ಕೇಳುವವರು ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. ರಾತ್ರಿ ನಿದ್ದೆ ಬಾರದಷ್ಟು ಮನಸ್ಸು ಕುಸಿದರೆ ಸಮಾರಿಟನ್ಸ್ ಸಹಾಯವಾಣಿಯ 116 123 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಮನೆಯವರಿಗೂ ವಿಷಯ ತಿಳಿಸಿ.