ಪುಟ್ಟ ಸಿ.ಡಿ. ಪ್ಲೇಯರ್ ಕೊಳ್ಳುವ ಮುಂಚೆ

ಆಂಪ್ಲಿಫೈಯರ್ ಪಕ್ಕ ಇಡೋಕೆ ಪುಟ್ಟ ಸಿ.ಡಿ. ಪ್ಲೇಯರ್ ಹುಡುಕುತ್ತಿದ್ದರೆ ಮೊದಲು ಅದರ ಹಿಂಭಾಗ ನೋಡಿ. ಬರೀ ಹೆಡ್‌ಫೋನ್ ಔಟ್ ಇದ್ದರೆ ಬೇಡ, ಆಂಪ್ಲಿಫೈಯರ್‌ಗೆ ಜೋಡಿಸುವ ಲೈನ್ ಔಟ್ ಬೇಕು. ಆದರೆ ಆಂಪ್ಲಿಫೈಯರ್‌ನಲ್ಲೇ ಒಳ್ಳೆಯ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್‌ಗೆ ಬದಲಿಸುವ ಭಾಗ) ಇದ್ದರೆ ಆಪ್ಟಿಕಲ್ ಅಥವಾ ಕೊಆಕ್ಸಿಯಲ್ ಡಿಜಿಟಲ್ ಔಟ್ ಇರುವ ಪ್ಲೇಯರ್ ಸಾಕು, ಸುಮ್ನೆ ಇನ್ನೊಂದು ಡ್ಯಾಕ್‌ಗೆ ದುಡ್ಡು ಸುರಿಯಬೇಡಿ. ಸಿ.ಡಿ.ಯಲ್ಲಿ ಇರುವುದೇ 16 ಬಿಟ್, 44.1 ಕಿಲೋಹರ್ಟ್ಸ್, ಡಬ್ಬದ ಮೇಲೆ 192 ಕಿಲೋಹರ್ಟ್ಸ್ ಅಂತ ಬರೆದರೂ ಡಿಸ್ಕಿನಲ್ಲಿ ಇಲ್ಲದ್ದು ಬರುವುದಿಲ್ಲ, ಅಲ್ವಾ?

ನನಗೆ ಎಲ್ಲಕ್ಕಿಂತ ಮುಖ್ಯ ಗ್ಯಾಪ್‌ಲೆಸ್, ಅಂದರೆ ಟ್ರ್ಯಾಕ್‌ಗಳ ನಡುವೆ ನಿಲ್ಲದೆ ನುಡಿಸುವುದು. ಕಛೇರಿಯ ಧ್ವನಿಮುದ್ರಣದಲ್ಲಿ ಆಲಾಪನೆ ಮುಗಿದು ಕೃತಿ ಶುರುವಾಗುವ ಹೊತ್ತಿಗೆ ಟ್ರ್ಯಾಕ್ ಬದಲಾದರೆ, ಅಲ್ಲಿ ತಂಬೂರಿ ಶ್ರುತಿ ಒಂದು ಕ್ಷಣ ಕಡಿದರೂ ನನಗೆ ಸಹಿಸೋಕಾಗಲ್ಲ. ಅಂಥದೊಂದು ಡಿಸ್ಕನ್ನು ಅಂಗಡಿಗೆ ಒಯ್ದು ಹಾಕಿಸಿ ಕೇಳಿ. ಮೇಲೆ ಮುಚ್ಚಳ ತೆರೆಯುವ ಮಾದರಿಯಾದರೆ ಶೆಲ್ಫಿನಲ್ಲಿ ಕೈ ಆಡುವಷ್ಟು ಜಾಗ ಇದೆಯಾ ಅಂತ ಅಳೆದುಕೊಳ್ಳಿ.